ಸೂತಕ ಕಳೆದ ಮರುದಿನ

ಗೋವಾದ ಪರ್ವರಿಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ ಅಪ್ಪ ಮೂರನೇ ಮಹಡಿಯಿಂದ ಬಿದ್ದ. ಆಸ್ಪತ್ರೆಯಲ್ಲಿ ಹದಿನೆಂಟು ದಿನ ಕಣ್ಣು ತೆರೆಯಲಿಲ್ಲ. ಅವ್ವ ಒಪ್ಪತ್ತು ಉಂಡು ಊರ ಬಸವಣ್ಣನಿಗೆ ಹರಕೆ ಹೊತ್ತಳು, ನಾನೂ ಬೇಡಿಕೊಂಡೆ. ಹತ್ತೊಂಬತ್ತನೆಯ ದಿನ ಅಪ್ಪ ತೀರಿಕೊಂಡ.

ಸೂತಕ ಕಳೆದ ಮರುದಿನ ಅವ್ವ ನಮ್ಮ ಬಾಡಿಗೆ ಖೋಲಿಯಲ್ಲಿ ಮತ್ತೆ ದೀಪ ಹಚ್ಚಿದಳು. ನನಗೆ ತಡೆಯಲಾಗಲಿಲ್ಲ.

"ಇಷ್ಟು ಬೇಡಿಕೊಂಡ್ರೂ ಆ ದೇವರು ಕೇಳಲಿಲ್ಲ. ಇನ್ನೂ ಯಾಕವ್ವಾ ದೀಪ?" ಎಂದೆ.

"ನನಗೂ ಅವನ ಮ್ಯಾಲೆ ಸಿಟ್ಟೈತಿ," ಎಂದಳು ಅವ್ವ. "ಆದ್ರ ಅದನ್ನ ಹೇಳ್ಕೊಳ್ಳಾಕ ಇನ್ಯಾರದಾರ ನನಗ? ಅವ ಕೈ ಬಿಟ್ಟಾನಂತ ಅನಸೂದಿಲ್ಲ. ಯಾಕ ಹಿಂಗ ಮಾಡಿದ ಅನ್ನೂದು ತಿಳೀವಲ್ದು, ಅಷ್ಟ."

ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಅಪ್ಪ ಹೋದ ದಿನವೂ ಹಾಗೆ ಅತ್ತಿರಲಿಲ್ಲ. ನನಗೆ ಕೈ ಮುಗಿಯಲು ಮನಸ್ಸಾಗಲಿಲ್ಲ. ಅವಳ ಪಕ್ಕದಲ್ಲಿ ಹೋಗಿ ಕುಳಿತೆ.