ಅತ್ತೆ ಸೋಸಿದ ಗಂಜಿ

ನಮ್ಮ ಅತ್ತೆಯ ಕಾಲಿನ ಹೆಬ್ಬೆರಳುಗಳ ಉಗುರುಗಳು ಕಪ್ಪಗಿದ್ದವು. ಪೆಟ್ಟು ಬಿದ್ದು ಕಪ್ಪಾದದ್ದಲ್ಲ. ಸಿರಿಗೇರಿಯ ಕೆಸರುಗದ್ದೆಗಳಲ್ಲಿ ವರ್ಷಗಟ್ಟಲೆ ಬಗ್ಗಿ ನಿಂತು ಭತ್ತದ ಸಸಿ ನೆಟ್ಟು ನೆಟ್ಟು, ಉಗುರಿನೊಳಗೇ ಇಳಿದು ಕೂತ ಕಪ್ಪು. ಬಳ್ಳಾರಿಯ ನಮ್ಮ ಮನೆಗೆ ಬಂದ ಹೊಸದರಲ್ಲಿ ಬಚ್ಚಲಿನಲ್ಲಿ ಕೂತು ಕಲ್ಲಿನಿಂದ ಉಜ್ಜಿ ನೋಡಿದರು. ಹೋಗಲಿಲ್ಲ. "ಇದು ನನ್ನ ಕೂಡೇ ಹೋಗ್ತತಿ ಬಿಡವ್ವ" ಎಂದು ಉಜ್ಜುವುದನ್ನೇ ಬಿಟ್ಟರು.

ಕೂತಲ್ಲೇ ನಿದ್ದೆ ಹೋಗುವ ಹೆಂಗಸು ಅವರು. ಸೊಪ್ಪು ಬಿಡಿಸುತ್ತ ಕೂತವರ ಕೈ ನಿಧಾನವಾಗುತ್ತಿತ್ತು, ತಲೆ ಗೋಡೆಗೆ ಒರಗುತ್ತಿತ್ತು, ಬಾಯಿ ಸ್ವಲ್ಪ ತೆರೆದುಕೊಳ್ಳುತ್ತಿತ್ತು. ಪಕ್ಕದಲ್ಲಿ ಮಗು ಮಲಗಿದ್ದರೆ ಮಾತ್ರ ಒಂದು ಕೈ ಅದರ ಹೊಟ್ಟೆಯ ಮೇಲೇ ಇರುತ್ತಿತ್ತು. ನಾನು ಆ ಕೈಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟರೆ ಕಣ್ಣು ತೆರೆಯದೆಯೇ ಮತ್ತೆ ಅಲ್ಲಿಗೇ ತರುತ್ತಿದ್ದರು. "ಸಾಕಾಗೇತಿ" ಎನ್ನುವುದು ಅವರ ಬಾಯಲ್ಲಿ ದಿನಕ್ಕೆ ಹತ್ತಾರು ಸಲ ಬರುವ ಮಾತು. ದೂರಿನ ಧ್ವನಿ ಇರುತ್ತಿರಲಿಲ್ಲ. ಹೊತ್ತು ಎಷ್ಟಾಯಿತು ಎಂದು ಕೇಳಿದರೆ ಹೇಳಿದಂತೆ ಹೇಳುತ್ತಿದ್ದರು.

ಬಾಣಂತನ ಮಾಡಬೇಕಾದವರು ಅವರಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಆದರೆ ನನ್ನ ತವರು ಬಳ್ಳಾರಿಯದೇ ಒಂದು ವೈಷ್ಣವ ಮನೆ. ಈರುಳ್ಳಿಯನ್ನು ಕೂಡ ವಾರ ನೋಡಿ ಹೆಚ್ಚುವವರು. ನನ್ನ ಗಂಡ ಸಿರಿಗೇರಿಯ ದಲಿತ ಕೇರಿಯವರು, ಸಿರುಗುಪ್ಪದ ಕಾಲೇಜೊಂದರಲ್ಲಿ ಪಾಠ ಹೇಳುತ್ತಾರೆ. ನಮ್ಮ ಮದುವೆಯಾದ ಮೇಲೆ ಒಂದೇ ಊರಿನಲ್ಲಿದ್ದರೂ ಅಮ್ಮ ನಮ್ಮ ಮನೆಗೆ ಬಂದಿರಲಿಲ್ಲ. ಹೆರಿಗೆ ಹತ್ತಿರವಾದಾಗ ಯಾರೂ ಕರೆಯದೆ, ಏನೂ ಕೇಳದೆ, ಅತ್ತೆ ಒಂದು ಚೀಲ ಹಿಡಿದು ಬಸ್ಸಿಳಿದರು. ನಮ್ಮ ಮನೆಯಲ್ಲಿ ಇದ್ದಷ್ಟು ವರ್ಷವೂ ತಾವಾಗಿ ನನ್ನ ಅಡುಗೆಮನೆಯೊಳಗೆ ಮಾಂಸ ತರಲಿಲ್ಲ. ಭಾನುವಾರ ಮಗನಿಗೆ ಬೇಕೆಂದರೆ ಹಿತ್ತಿಲಿನಲ್ಲಿ ಒಂದು ಒಲೆ, ಅದಕ್ಕೊಂದು ಬೇರೆ ಪಾತ್ರೆ. "ನಿನಗ ವಾಸನಿ ಆಗಂಗಿಲ್ಲ" ಎನ್ನುತ್ತಿದ್ದರು. ಒಳಗೇ ಮಾಡಿರಿ ಎಂದು ನಾನು ಹೇಳಿದರೂ ಕೇಳಲಿಲ್ಲ. ತಿಂದ ಮೇಲೆ ಬಾಯಿ ಮುಕ್ಕಳಿಸಿ, ಎಲೆ ಅಡಿಕೆ ಹಾಕಿಕೊಂಡು ಆಮೇಲೆ ನನ್ನ ಹತ್ತಿರ ಬಂದು ಕೂಡುತ್ತಿದ್ದರು.

ಮಗಳಿಗೆ ಆರು ತಿಂಗಳು ತುಂಬಿತು. ನಾನು ಕಚೇರಿಗೆ ಹೋಗತೊಡಗಿದೆ. ಮಗುವಿನ ಊಟವೆಲ್ಲ ಅತ್ತೆಯ ಕೈಗೆ ಹೋಯಿತು. ಅವರು ಅಕ್ಕಿ, ಹೆಸರುಬೇಳೆ ಬೇಯಿಸಿ ಗಂಜಿ ಮಾಡಿ ಹಳೆಯ ಪಂಚೆಯ ತುಂಡಿನಲ್ಲಿ ಸೋಸುತ್ತಿದ್ದರು. ಒಂದು ಸಲವಲ್ಲ, ಸೋಸಿದ್ದನ್ನೇ ಮತ್ತೆ ಸೋಸಿ, ಬೆರಳುಗಳ ನಡುವೆ ತಿಕ್ಕಿ ನೋಡಿ, ಒಂದು ಅಗುಳಿನ ಚೂರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಬಾಯಿಗಿಡುತ್ತಿದ್ದರು. ಏಳು ತಿಂಗಳಾಯಿತು, ಎಂಟಾಯಿತು, ಒಂಬತ್ತಾಯಿತು. ಅದೇ ಗಂಜಿ. ಬಾಳೆಹಣ್ಣನ್ನೂ ಬಟ್ಟೆಯಲ್ಲಿ ಹಿಂಡಿ ಕೊಡುತ್ತಿದ್ದರು.

"ಅತ್ತೀ, ಸ್ವಲ್ಪ ಗಟ್ಟಿ ಕೊಡೋಣೇನ್ರಿ?" ಎಂದು ನಾನು ಕೇಳಿದೆ.

"ಹಲ್ಲು ಬರ್ಲಿ ತಡಿ."

"ಎರಡು ಬಂದಾವಲ್ರಿ."

"ಪೂರಾ ಬರ್ಲಿ."

ನಾನು ಮತ್ತೆ ಕೇಳಲಿಲ್ಲ. ಸಂಜೆ ಮನೆಗೆ ಬರುವ ಹೊತ್ತಿಗೆ ನನ್ನಲ್ಲಿ ಮಾತಿನ ಶಕ್ತಿಯೇ ಉಳಿದಿರುತ್ತಿರಲಿಲ್ಲ. ಆ ವರ್ಷವನ್ನು ನೆನೆದರೆ ಮೊದಲು ನೆನಪಾಗುವುದು ಆಯಾಸವೇ. ಬಳ್ಳಾರಿಯ ಬಿಸಿಲು, ಆಗಾಗ ಹೋಗುವ ಕರೆಂಟು, ಮಗುವಿನ ಅಳು, ಮತ್ತೆ ಬೆಳಗಾದರೆ ಕಚೇರಿ. ಮನೆಯಲ್ಲಿ ಇಬ್ಬರು ಹೆಂಗಸರು ಇದ್ದೆವು, ಇಬ್ಬರೂ ಗೋಡೆ ಹಿಡಿದು ನಡೆಯುವಷ್ಟು ದಣಿದಿದ್ದೆವು.

ಹತ್ತನೆಯ ತಿಂಗಳಲ್ಲಿ ಮಗು ಬಿಳಿಚಿಕೊಂಡಿತು. ಅಂಬೆಗಾಲಿಡುವುದನ್ನು ನಿಲ್ಲಿಸಿ ಕೂತಲ್ಲೇ ಕೂಡತೊಡಗಿತು. ಅಳುವ ದನಿಯೂ ಸಣ್ಣದಾಯಿತು. ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ನಡುವಯಸ್ಸಿನ ಹೆಂಗಸು, ಬಳ್ಳಾರಿ ಕಡೆಯವರೇ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ರಕ್ತ ಪರೀಕ್ಷೆಗೆ ಕಳಿಸಿ, ವರದಿ ಬಂದ ಮೇಲೆ ಕೇಳಿದರು, "ಕೂಸಿಗೆ ಏನು ಉಣಿಸ್ತೀರಿ?"

ಅತ್ತೆ ಹೇಳಿದರು. ಡಾಕ್ಟರು ಬಯ್ಯಲಿಲ್ಲ. ರಕ್ತ ಬಹಳ ಕಡಿಮೆ ಇದೆ ಎಂದರು. ಔಷಧಿ ಬರೆದುಕೊಟ್ಟು, ಬರೀ ಇದರಿಂದ ಆಗುವುದಿಲ್ಲ, ಊಟ ಬದಲಾಗಬೇಕು ಎಂದರು. "ನಿಮ್ಮಲ್ಲಿ ಮಾಂಸ ತಿಂತೀರೇನು? ತಿಂದ್ರ ಚಲೋ ಆತು. ಸಣ್ಣಗ ಕೊಚ್ಚಿದ ಖೀಮಾ ತಂದು ಮೆತ್ತಗ ಬೇಯಿಸಿ, ನುಣ್ಣಗ ಮಾಡಿ ಅನ್ನದಾಗ ಕಲಸಿ ಕೊಡ್ರಿ. ಸೂಪಿನ ನೀರು ಅಲ್ಲ, ಮಾಂಸಾನೇ ಹೋಗಬೇಕು ಹೊಟ್ಟಿಗೆ. ಕೋಳಿ ತತ್ತಿ ಪೂರಾ ಬೇಯಿಸಿ ಕೊಡ್ರಿ. ಒಂದು ಹೊಸಾದು ಕೊಟ್ಟ ಮ್ಯಾಲೆ ಎರಡು ಮೂರು ದಿನ ನೋಡಿ ಇನ್ನೊಂದು. ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಗಟ್ಟಿ ಮಾಡ್ರಿ. ಹಲ್ಲಿಗೆ ಕಾಯಬ್ಯಾಡ್ರಿ, ವಸಡಿನಾಗೇ ಅರಿತಾವು ಮಕ್ಕಳು. ಒಂದೇ ಮಾತು, ಎಲುಬು ಇರಬಾರದು. ಸೇಂಗಾಬೀಜ, ಇಡೀ ದ್ರಾಕ್ಷಿ ಕೂಸಿನ ಕೈಗೆ ಸಿಗಬಾರದು."

ಸೇಂಗಾ ಎಂದ ಕೂಡಲೇ ಅತ್ತೆ ತಲೆ ಎತ್ತಿದರು. "ಗಂಟಲಿಗೆ ಸಿಕ್ಕಿ ಬಿಟ್ರರಿ?" ಎಂದು ಕೇಳಿದರು.

ಡಾಕ್ಟರು ಮೇಜಿನ ಮೇಲಿದ್ದ ಗೊಂಬೆಯೊಂದನ್ನು ತೆಗೆದುಕೊಂಡರು. "ಗಂಟಲದಾಗ ಸಿಕ್ಕು ಕೂಸು ಕೆಮ್ಮಾಕತ್ತಿದ್ರ, ಕೆಮ್ಮಲಿ ಬಿಡ್ರಿ. ಕೆಮ್ಮತೈತಿ ಅಂದ್ರ ಉಸಿರು ಆಡತೈತಿ ಅಂತ. ಅದೇ ಹೊರಗ ಹಾಕ್ತತಿ. ದನಿ ಬಂದ್ ಆತು, ಅಳಾಕೂ ಬರವಲ್ದು, ಆವಾಗ ಹಿಂಗ ಕೈಮ್ಯಾಲೆ ಬೋರಲಾಗಿ ಹಾಕ್ಕೊಂಡು, ತಲಿ ಕೆಳಗ ಮಾಡಿ, ಬೆನ್ನಿಗೆ ಅಂಗೈಲೆ ಐದು ಸಲ ಹೊಡೀರಿ. ಬರಲಿಲ್ಲಂದ್ರ ತಿರುವಿ ಎದಿ ನಡುವ ಎರಡು ಬೆರಳಿಲೆ ಐದು ಸಲ ಒತ್ರಿ. ಮತ್ತ ಬೆನ್ನಿಗೆ. ಒಬ್ಬರು ಇದು ಮಾಡ್ತಿರಬೇಕು, ಇನ್ನೊಬ್ಬರು ಆಂಬುಲೆನ್ಸಿಗೆ ಫೋನ್ ಮಾಡಬೇಕು."

"ಬೆರಳು ಹಾಕಿ ತೆಗಿಬಾರದೇನ್ರಿ?"

"ಕಣ್ಣಿಗೆ ಕಂಡ್ರ ತೆಗೀಬಹುದು. ಕಾಣಲಾರದ್ದನ್ನ ಬೆರಳಿಲೆ ಹುಡುಕಾಕ ಹೋಗಬಾರದಮ್ಮ. ಇನ್ನೂ ಒಳಗ ಹೋಗ್ತತಿ."

ಅತ್ತೆ ತೊಡೆಯ ಮೇಲಿದ್ದ ಬಲಗೈಯನ್ನು ಸೆರಗಿನ ಕೆಳಗೆ ಎಳೆದುಕೊಂಡರು. ಡಾಕ್ಟರು ಅದನ್ನು ನೋಡಲಿಲ್ಲ, ನಾನು ನೋಡಿದೆ.

ಹೊರಗೆ ಬೇವಿನ ಮರದ ಕೆಳಗೆ ಆಟೋಗೆ ಕಾಯುತ್ತ ನಿಂತೆವು. ಮಗು ನನ್ನ ಹೆಗಲ ಮೇಲೆ ಮಲಗಿತ್ತು. ನನಗೆ ಸಿಟ್ಟು ಬಂದಿತ್ತು, ಆದರೆ ಸಿಟ್ಟು ಮಾಡುವ ತ್ರಾಣ ಇರಲಿಲ್ಲ. "ನೀವು ತಿನ್ನೋ ಮಂದಿ ಅತ್ತಿ. ಕೂಸಿಗೆ ಯಾಕ ಕೊಡಲಿಲ್ಲ? ನನ್ನ ಸಲುವಾಗಿ ಬಿಟ್ರೇನು?" ಎಂದೆ.

"ನಿನ್ನ ಸಲುವಾಗಿ ಅಲ್ಲವ್ವ" ಎಂದರು. ಕಟ್ಟೆಯ ಮೇಲೆ ಕೂತರು. ರಸ್ತೆಯ ಕಡೆ ನೋಡುತ್ತಲೇ ಹೇಳಿದರು.

ಅವರ ತವರು ಕುರುಗೋಡು. ನನ್ನ ಗಂಡನಿಗಿಂತ ಮೊದಲು ಅವರಿಗೊಬ್ಬ ಮಗನಿದ್ದ, ಆಗಷ್ಟೇ ಗೋಡೆ ಹಿಡಿದು ನಿಲ್ಲುವ ಮಗು. ತವರಿಗೆ ಹೋದಾಗ ಓಣಿಯ ಹೆಂಗಸರೆಲ್ಲ ಬಿತ್ತನೆಗೆಂದು ಸೇಂಗಾ ಸುಲಿಯುತ್ತ ಕೂತಿದ್ದರಂತೆ. ಮಗು ನೆಲದಿಂದ ಒಂದು ಕಾಳು ಎತ್ತಿ ಬಾಯಿಗೆ ಹಾಕಿಕೊಂಡಿತು. ಕೆಮ್ಮತೊಡಗಿತು.

"ಜೋರು ಕೆಮ್ಮಾಕತ್ತಿದ್ದ. ಎಲ್ರೂ ಬೆರಳು ಹಾಕು, ಬೆರಳು ಹಾಕು ಅಂದ್ರು. ಹಾಕಿದೆ. ಬೆರಳಿಗೆ ಹತ್ತಿತು ಕಾಳು, ಜಾರಿತು. ಕೆಮ್ಮು ನಿಂತಿತು. ನಾ ಏನ ತಿಳ್ಕೊಂಡೆ ಗೊತ್ತೇನು? ಹೋತು, ನುಂಗಿದ, ಅಂತ ತಿಳ್ಕೊಂಡೆ. ಎತ್ತಿ ಮುತ್ತು ಕೊಟ್ಟೆ."

ಆಟೋ ಒಂದು ಬಂದು ನಿಂತು, ನಾವು ಏಳದ್ದನ್ನು ಕಂಡು ಹೊರಟುಹೋಯಿತು.

"ನಿನ್ನ ಗಂಡಗ, ಅಣ್ಣ ಜ್ವರ ಬಂದು ತೀರಿಹೋದ ಅಂತ ಹೇಳೀನಿ. ಹಂಗೇ ಇರ್ಲಿ." ಮತ್ತೆ ಅಂದರು, "ಆವಾಗ ಯಾರರೆ ಹೇಳಿದ್ದಿದ್ರ, ಕೆಮ್ಮಲಿ ಬಿಡು ಅಂತ."

ಮಗುವನ್ನು ಅವರ ಮಡಿಲಿಗೆ ಕೊಟ್ಟೆ. ಅವರು ಅದರ ಬೆನ್ನ ಮೇಲೆ ಎಡಗೈ ಇಟ್ಟುಕೊಂಡು ಕೂತರು.

ಮರುದಿನ ನನ್ನ ಗಂಡ ಖೀಮಾ ತಂದಿಟ್ಟು ಬಸ್ಸಿಗೆ ಹೋದರು. ಅತ್ತೆ ಪೊಟ್ಟಣದ ಮುಂದೆ ನಿಂತರು, ಬಿಚ್ಚಲಿಲ್ಲ. "ನನ್ನ ಕೈಲೆ ಆಗವಲ್ದವ್ವ" ಎಂದರು. ಹಾಗಾಗಿ ನಾನು ಬಿಚ್ಚಿದೆ. ಹುಟ್ಟಿದಾಗಿನಿಂದ ಮುಟ್ಟದಿದ್ದ ವಸ್ತು ಅದು. ತಣ್ಣಗೆ, ಜಿಗುಟಾಗಿ ಬೆರಳಿಗೆ ಅಂಟಿತು. ತೊಳೆಯುವಾಗ ಒಮ್ಮೆ ಹಿತ್ತಿಲಿಗೆ ಓಡಿದೆ. ಅತ್ತೆ ಅಡುಗೆಮನೆಯ ಹೊಸ್ತಿಲ ಹೊರಗೆ ಕೂತು ಹೇಳುತ್ತ ಹೋದರು: ಕುಕ್ಕರಿನಲ್ಲಿ ಹಾಕು, ಉಪ್ಪು ಹಾಕಬೇಡ, ಅರಿಶಿನ ಸ್ವಲ್ಪ, ಇನ್ನೂ ಎರಡು ಸೀಟಿ ಕೂಗಲಿ. ಎಷ್ಟೋ ತಿಂಗಳು ನನ್ನ ಸಲುವಾಗಿ ಮಾಂಸವನ್ನು ಹಿತ್ತಿಲಲ್ಲಿ ಬೇಯಿಸಿದವರು ಹೊರಗೆ ಕೂತಿದ್ದರು; ನಾನು ಒಳಗೆ ಬೇಯಿಸುತ್ತಿದ್ದೆ. ಬೆಂದದ್ದನ್ನು ತಟ್ಟೆಯಲ್ಲಿ ಹರಡಿಕೊಂಡು ಹೋದೆ. ಅವರು ಚೂರು ಚೂರನ್ನೂ ಬೆರಳಿನಿಂದ ಒತ್ತಿ ನೋಡಿ ಹಿಂದಕ್ಕೆ ಕೊಟ್ಟರು. ಮಿಕ್ಸಿಗೆ ಹಾಕಿ, ಅನ್ನದಲ್ಲಿ ಕಲಸಿ, ಮಗುವನ್ನು ನೆಟ್ಟಗೆ ಕೂರಿಸಿ ಚಮಚದ ತುದಿಯಲ್ಲಿ ಇಟ್ಟೆ. ಮಗಳು ಮುಖ ಕಿವುಚಿದಳು, ಚಪ್ಪರಿಸಿದಳು, ಬಾಯಿ ತೆರೆದಳು. ಅತ್ತೆ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಒಂದೆರಡು ವಾರ ಹೀಗೇ ನಡೆಯಿತು. ದಿನದಿಂದ ದಿನಕ್ಕೆ ಕಡಿಮೆ ಅರೆಯುತ್ತ ಬಂದೆ. ಒಂದು ಭಾನುವಾರ ಮಧ್ಯಾಹ್ನ ಬರೀ ಕೈಯಿಂದ ಮಿದ್ದು ಕೊಟ್ಟೆ. ಎರಡನೆಯ ತುತ್ತಿಗೇ ಮಗುವಿನ ಮುಖ ಕೆಂಪಾಯಿತು. ನಾಲಗೆ ಹೊರಗೆ ಬಂತು, ಕಣ್ಣಲ್ಲಿ ನೀರು ತುಂಬಿತು, ಓಕರಿಸುತ್ತ ಕೆಮ್ಮತೊಡಗಿತು. ನಾನು ಚಮಚ ಹಿಡಿದವಳು ಹಾಗೇ ಕೂತುಬಿಟ್ಟೆ. ಹೊಸ್ತಿಲ ಬಳಿ ಇದ್ದ ಅತ್ತೆ ಯಾವಾಗ ಎದ್ದು ಬಂದರೋ ತಿಳಿಯಲಿಲ್ಲ. ಮಗುವಿನ ಮುಂದೆ ಮಂಡಿಯೂರಿ ಕೂತಿದ್ದರು. ಬಲಗೈ ಮೇಲೆ ಬಂದಿತ್ತು, ತೋರುಬೆರಳು ಮುಂದೆ ಚಾಚಿತ್ತು. ಎಡಗೈಯಿಂದ ಆ ಬಲಗೈಯ ಮಣಿಕಟ್ಟನ್ನು ಹಿಡಿದರು. ಬಿಗಿಯಾಗಿ ಹಿಡಿದು ಮಡಿಲಿಗೆ ಎಳೆದುಕೊಂಡರು.

"ಕೆಮ್ಮು ನನ್ನವ್ವ" ಎಂದರು. "ಕೆಮ್ಮು. ಇನ್ನೂ ಕೆಮ್ಮು."

ಮಗು ಕೆಮ್ಮಿತು. ಮಾಂಸದ ತುಣುಕು ನಾಲಗೆಯ ಮೇಲೆ ಬಂತು, ಗದ್ದದ ಮೇಲೆ ಇಳಿಯಿತು. ಮಗು ಅದನ್ನು ಬೆರಳಿನಿಂದ ಮುಟ್ಟಿ ನೋಡಿ ಮತ್ತೆ ಬಾಯಿಗೇ ಹಾಕಿಕೊಂಡು ವಸಡಿನಲ್ಲಿ ಅರೆಯತೊಡಗಿತು.

ಅತ್ತೆ ಎದ್ದು ಹಿತ್ತಿಲಿಗೆ ಹೋದರು. ತೊಟ್ಟಿಯ ನೀರಿನಿಂದ ಮುಖ ತೊಳೆದುಕೊಂಡರು. ಬಹಳ ಹೊತ್ತು ಒಳಗೆ ಬರಲಿಲ್ಲ. ನಾನು ಹೋಗಿ ನೋಡಿದಾಗ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಗೋಡೆಗೆ ತಲೆಯಿಟ್ಟು ನಿದ್ದೆ ಹೋಗಿದ್ದರು. ಮಣಿಕಟ್ಟಿನ ಮೇಲೆ ಅವರದೇ ಉಗುರಿನ ಗುರುತು ಇತ್ತು.

ಅಂದಿನಿಂದ ಗಂಜಿ ಸೋಸುವುದು ನಿಂತಿತು. ಆದರೆ ಭಯ ಹೋಯಿತೆಂದು ಹೇಳಲಾರೆ. ಮಗು ಉಣ್ಣುವಾಗ ಯಾರೂ ನಗಿಸಬಾರದು, ಓಡಾಡಿಸುತ್ತ ಉಣಿಸಬಾರದು. ಮನೆಯಲ್ಲಿ ಸೇಂಗಾ ಇದ್ದರೆ ಪುಡಿಯಾಗಿಯೇ ಇರಬೇಕು. ಪಕ್ಕದ ಮನೆಯವರು ಪ್ರೀತಿಯಿಂದ ದ್ರಾಕ್ಷಿ ಕೊಟ್ಟರೆ ನಾಲ್ಕು ಸೀಳು ಮಾಡುವವರೆಗೆ ಬಟ್ಟಲು ಇವರ ಮಡಿಲಲ್ಲೇ. ದಿನಕ್ಕೆ ಮೂರು ಸಲ ನೆಲ ಗುಡಿಸುತ್ತಿದ್ದರು, ಆಮೇಲೆ ಅಂಗೈಯಿಂದ ಸವರಿ ನೋಡುತ್ತಿದ್ದರು. "ಕೂಡ್ರಿ ಅತ್ತಿ, ಸಾಕು" ಎಂದರೆ "ಸಾಕಾಗೇತಿ ಖರೆ, ಆದ್ರ ಕಾಳಿಗೇನು ಗೊತ್ತು ನನಗ ಸಾಕಾಗೇತಿ ಅಂತ" ಎನ್ನುತ್ತಿದ್ದರು. ಮಗಳ ಮೈಯಲ್ಲಿ ರಕ್ತ ಕೂಡಿಕೊಳ್ಳಲು ತಿಂಗಳುಗಳೇ ಹಿಡಿದವು. ಆದರೆ ಕೂಡಿಕೊಂಡಿತು.

ಮೊಮ್ಮಗಳಿಗೆ ಹುಷಾರಿಲ್ಲವೆಂದು ಯಾರಿಂದಲೋ ಕೇಳಿ ಅಮ್ಮ ಒಂದು ಸಂಜೆ ಬಂದರು. ಮದುವೆಯಾದ ಮೇಲೆ ಮೊದಲ ಸಲ. ಆ ಹೊತ್ತಿಗೆ ಸರಿಯಾಗಿ ಅತ್ತೆ ಮಗುವಿಗೆ ಖೀಮಾ ಅನ್ನ ಉಣಿಸುತ್ತಿದ್ದರು. ಅಮ್ಮ ಬಾಗಿಲಲ್ಲೇ ನಿಂತರು. ಅತ್ತೆ ತಟ್ಟೆಯನ್ನು ಮರೆಮಾಡಲಿಲ್ಲ. "ಬರ್ರಿ. ಕೂಸಿನ ರಕ್ತಕ್ಕ ಬೇಕಾಗೇತಂತ್ರಿ, ಡಾಕ್ಟರು ಹೇಳ್ಯಾರ" ಎಂದಷ್ಟೇ ಹೇಳಿ ಇನ್ನೊಂದು ತುತ್ತು ಇಟ್ಟರು. ಅಮ್ಮ ಕುರ್ಚಿಯ ಅಂಚಿನಲ್ಲಿ ಕೂತು ಕಿಟಕಿಯ ಕಡೆ ನೋಡಿದರು, ಮಗುವಿನ ಕಡೆ ನೋಡಿದರು. ಕಡೆಗೆ ಕೇಳಿದರು, "ಎಲುಬು ಇಲ್ಲ ಅಲ್ರಿ ಅದರಾಗ?"

"ಒಂದೊಂದು ತುತ್ತೂ ಮುಟ್ಟಿ ನೋಡೀನ್ರಿ" ಎಂದರು ಅತ್ತೆ.

ಅಮ್ಮ ತಲೆಯಾಡಿಸಿದರು. ಆಮೇಲೆ ಅಮ್ಮ ಆಗಾಗ ಬರುತ್ತಿದ್ದರು. ನಮ್ಮ ಮನೆಯಲ್ಲಿ ನೀರು ಕುಡಿಯಲು ಇನ್ನೂ ಒಂದು ವರ್ಷ ಬೇಕಾಯಿತು. ಅತ್ತೆ ಅದನ್ನು ಮನಸ್ಸಿಗೆ ಹಚ್ಚಿಕೊಂಡಂತೆ ಕಾಣಲಿಲ್ಲ. ಇಬ್ಬರೂ ಮಗುವಿನ ಆಚೀಚೆ ಕೂತು ಮಂಡಿನೋವಿನ ಮಾತಾಡುತ್ತಿದ್ದರು.

ಮಗಳು ಶಾಲೆಗೆ ಸೇರಿದ ಮೇಲೆ ಅತ್ತೆ ಸಿರಿಗೇರಿಗೆ ಹಿಂದಿರುಗಿದರು. ಇರಿ ಎಂದು ಎಷ್ಟು ಕೇಳಿಕೊಂಡರೂ ನಿಲ್ಲಲಿಲ್ಲ. "ಇನ್ನ ಅಕಿ ಅಗಿತಾಳ, ನುಂಗತಾಳ. ನಾ ಸ್ವಲ್ಪ ಮಲಗ್ತೀನಿ" ಎಂದರು. ಮುಂದಿನ ವರ್ಷ ನಾಟಿಯ ಕಾಲದಲ್ಲಿ, ಊರ ಹೆಂಗಸರೆಲ್ಲ ಗದ್ದೆಗೆ ಹೋಗಿದ್ದ ಒಂದು ಮಧ್ಯಾಹ್ನ, ಉಂಡು ಚಾಪೆಯ ಮೇಲೆ ಅಡ್ಡಾದವರು ಏಳಲಿಲ್ಲ. ನಾವು ಹೋಗುವ ಹೊತ್ತಿಗೆ ಕೇರಿಯ ಪದ್ಧತಿಯಂತೆ ಅವರನ್ನು ಅಂಗಳದಲ್ಲಿ ಕೂರಿಸಿದ್ದರು. ಮುಖದಲ್ಲಿ ನೋವಿರಲಿಲ್ಲ. ಕೊನೆಗೂ ಯಾರೂ ಎಬ್ಬಿಸದ ನಿದ್ದೆ ಸಿಕ್ಕವರಂತೆ ಕಂಡರು.

ಈಗ ನನಗೆ ಇನ್ನೊಂದು ಮಗುವಿದೆ, ಮಗ. ಹೋದ ತಿಂಗಳು ಅವನಿಗೆ ಮೊದಲ ಸಲ ಮಾಂಸ ಬೇಯಿಸಿದೆ. ಈಗ ಅದರ ವಾಸನೆಗೆ ನನಗೇನೂ ಆಗುವುದಿಲ್ಲ. ಎಲ್ಲವೂ ಗೊತ್ತಿರುವ ಕೆಲಸ. ಆದರೆ ಚಮಚ ಅವನ ತುಟಿಯ ಹತ್ತಿರ ಒಯ್ದವಳು ಹಿಂದಕ್ಕೆ ತೆಗೆದುಕೊಂಡೆ. ತಟ್ಟೆ ಕೆಳಗಿಟ್ಟೆ. ಮತ್ತೆ ಎತ್ತಿಕೊಂಡೆ, ಮತ್ತೆ ಇಟ್ಟೆ. ಮಗಳ ಹೊತ್ತಿಗೆ ನನಗೆ ಹೀಗೆ ಆಗಿರಲಿಲ್ಲ. ಆಗ ನಾನು ದಣಿದಿದ್ದೆ, ಹೇಸಿಕೆ ಪಟ್ಟಿದ್ದೆ, ಸಿಟ್ಟಾಗಿದ್ದೆ. ಅಂಜಿದ್ದು ಮಾತ್ರ ನೆನಪಿಲ್ಲ. ಆ ಮನೆಯಲ್ಲಿ ಅಂಜುವ ಕೆಲಸವನ್ನೆಲ್ಲ ಅತ್ತೆಯೇ ಮಾಡುತ್ತಿದ್ದರು, ನನಗೆ ಒಂದಿಷ್ಟೂ ಉಳಿಸದೆ. ಅದು ಎಷ್ಟು ಭಾರದ ಕೆಲಸವೆಂದು ಆ ದಿನ ಗೊತ್ತಾಯಿತು.

ಮಗ ಬಾಯಿ ತೆರೆದುಕೊಂಡು ಕಾಯುತ್ತಿದ್ದ. ಅವನ ಬೆನ್ನು ನೆಟ್ಟಗೆ ಮಾಡಿ ಕೂರಿಸಿ, ತುತ್ತು ಇಟ್ಟೆ.