ಬಂತೇನ್ರಿ, ಹುನಗುಂದ?

ಇವತ್ತು ಬೆಳಿಗ್ಗೆ ಟ್ರಂಕಿನ ತಳದಲ್ಲಿ ಒಂದು ಕಂದು ಸ್ವೆಟರ್ ಸಿಕ್ಕಿತು. ಹುಡುಕುತ್ತಿದ್ದದ್ದು ಹಳೆಯ ಟವೆಲ್, ಸಿಕ್ಕಿದ್ದು ಇದು. ಹೊರಗೆ ನಮ್ಮ ವಿದ್ಯಾಗಿರಿ ಬಡಾವಣೆಯ ರಸ್ತೆ ಬಿಸಿಲಿಗೆ ಆಗಲೇ ಕಾಯುತ್ತಿತ್ತು. ಸ್ವೆಟರನ್ನು ಮೂಗಿನ ಹತ್ತಿರ ಹಿಡಿದರೆ ಡಾಂಬರ್ ಗುಳಿಗೆಯ ಘಾಟಿನ ಹಿಂದೆ ಇನ್ನೊಂದು ವಾಸನೆ: ಮುಚ್ಚಿದ ಕೋಣೆಯ ಏಸಿ ಗಾಳಿಯದು, ಪ್ರಿಂಟರಿನ ರಿಬ್ಬನ್ನಿನದು. ಬಾಗಲಕೋಟೆಯಲ್ಲಿ ಬೇಸಿಗೆಗೆ ಸ್ವೆಟರ್ ಹಾಕಿಕೊಂಡು ಓಡಾಡಿದ ಒಬ್ಬನೇ ಮನುಷ್ಯ ನಾನು ಎಂದರೆ ನೀವು ನಗುತ್ತೀರಿ. ಚಹದಂಗಡಿಯವರೂ ನಗುತ್ತಿದ್ದರು.

ತಪ್ಪು ನನ್ನದಲ್ಲ, ಮಷೀನಿನದು. ನಾನು ಕೆಲಸಕ್ಕಿದ್ದ ಔಷಧದ ಸಗಟು ಅಂಗಡಿಯ ಮಾಲೀಕರು, ಪುಣೆಯ ಯಾವುದೋ ಕಾರ್ಖಾನೆಯವರು ಬೇಡವೆಂದು ಬಿಟ್ಟ ಕಂಪ್ಯೂಟರನ್ನು ಅಗ್ಗಕ್ಕೆ ಹಿಡಿದು ತಂದಿದ್ದರು. ಮೇಜಿನ ಮೇಲೆ ಕೂರುವಂಥದಲ್ಲ, ಕೋಣೆ ತುಂಬುವಂಥದೂ ಅಲ್ಲ. ನಡುವಿನದು, ಸೊಂಟದೆತ್ತರದ ಕಪ್ಪು ಪೆಟ್ಟಿಗೆ. ಅದಕ್ಕೆ ಸೆಕೆಯಾಗಬಾರದೆಂದು ಏಸಿ ಹಾಕಿಸಿದರು, ಅದನ್ನು ನೋಡಿಕೊಳ್ಳಲೆಂದು ಒಳಗೆ ನನ್ನನ್ನು ಕೂರಿಸಿದರು. ಕಿಟಕಿ ಇರಲಿಲ್ಲ. ಮಾತಾಡಲು ಯಾರೂ ಇರಲಿಲ್ಲ. ಮನೆಯಲ್ಲಾದರೂ ಇದ್ದರಲ್ಲ ಎನ್ನಬೇಡಿ, ಅವ್ವ ಹೋದ ಮೇಲೆ ಅಲ್ಲೂ ನಾನೊಬ್ಬನೇ. ಮದುವೆಯ ಮಾತು ಆಗಾಗ ಬರುತ್ತಿತ್ತು, ಹೋಗುತ್ತಿತ್ತು, ಆಮೇಲೆ ಬರುವುದನ್ನೇ ಬಿಟ್ಟಿತು.

ಆ ಪೆಟ್ಟಿಗೆಯೊಳಗಿನ ಸಂಸಾರ ಮಾತ್ರ ದೊಡ್ಡದು. ಬಾದಾಮಿ, ಇಳಕಲ್ಲು, ಹುನಗುಂದ, ಮೂರೂ ಶಾಖೆಗಳಿಗೆ ಅದೊಂದೇ ಮಷೀನು; ಅಲ್ಲಿದ್ದದ್ದು ಫೋನಿನ ತಂತಿಯ ಮೂಲಕ ಇದಕ್ಕೆ ಸೇರಿದ ಪರದೆಗಳಷ್ಟೇ. ಒಬ್ಬರ ಕೆಲಸ ಇನ್ನೊಬ್ಬರ ಮೇಲೆ ಬೀಳದಿರಲೆಂದು ಒಳಗೇ ಬೇರೆ ಬೇರೆ ಭಾಗ ಮಾಡಿದ್ದರು, ಸಬ್‌ಸಿಸ್ಟಮ್ ಎಂದು ಅವುಗಳ ಹೆಸರು. ಶಾಖೆಗೊಂದು, ಬಿಲ್ಲು ಮುದ್ರಿಸುವುದಕ್ಕೊಂದು. ಅಣ್ಣತಮ್ಮಂದಿರು ಒಂದೇ ಮನೆಯಲ್ಲಿ ಒಲೆ ಬೇರೆ ಮಾಡಿಕೊಂಡ ಹಾಗೆ. ಬೆಳಿಗ್ಗೆ ನಾನು ಬಂದು ಒಂದೊಂದನ್ನೇ ಚಾಲೂ ಮಾಡಬೇಕು. ಅಲ್ಲಿಯವರೆಗೆ ಆ ಊರಿನ ಪರದೆ ಕಪ್ಪಗೇ ಇರುತ್ತದೆ. ಮಷೀನಿನ ಮೆಮರಿಯನ್ನು ಪಾಲು ಮಾಡಿ ಕೊಡುವವನೂ ನಾನೇ. ಇಳಕಲ್ಲಿನಲ್ಲಿ ಗಿರಾಕಿ ಹೆಚ್ಚಾದ ದಿನ ಬಾದಾಮಿಯ ಪಾಲಿನಿಂದ ಸ್ವಲ್ಪ ತೆಗೆದು ಅತ್ತ ಕೊಡುವುದು, ಬಿಲ್ಲು ಮುದ್ರಿಸುವ ಹೊತ್ತಿಗೆ ಎಲ್ಲರ ಪಾಲಿನಲ್ಲೂ ಒಂದಿಷ್ಟು ಹಿಡಿಯುವುದು. ಪಾಲು ಕಡಿಮೆಯಾದ ಊರಿನಲ್ಲಿ ಪರದೆ ತೆವಳುತ್ತದೆ, ನನಗೆ ಬೈಗುಳ ಬರುತ್ತದೆ. ಮನೆಯಲ್ಲಿ ಒಂದು ಬೆಕ್ಕಿಗೂ ಹಾಲು ಹಾಕುವ ಜವಾಬ್ದಾರಿ ಇಲ್ಲದವನು ಇಲ್ಲಿ ಮೂರು ಊರಿನ ಯಜಮಾನ.

ಒಂದೊಂದು ಶಾಖೆಯನ್ನು ಚಾಲೂ ಮಾಡಿದ ಮೇಲೆ ಪರದೆಯಲ್ಲಿ ಅಕ್ಷರ ಮೂಡಿತೇ ಎಂದು ಫೋನು ಹಚ್ಚಿ ಕೇಳುತ್ತಿದ್ದೆ. "ಬಂತೇನ್ರಿ?" ಬಾದಾಮಿಯವರು "ಹೂಂ" ಅಂದು ಇಟ್ಟುಬಿಡುತ್ತಿದ್ದರು. ಇಳಕಲ್ಲಿನವರು ಬಂದದ್ದನ್ನು ಬಿಟ್ಟು ನಿನ್ನೆ ಬಾರದೇ ಇದ್ದದ್ದನ್ನೆಲ್ಲ ಹೇಳುತ್ತಿದ್ದರು. ಹುನಗುಂದದ ಸಂಗಪ್ಪನವರು ಮಾತ್ರ, "ಬಂತ್ರಿ. ಚಾ ಆತೇನ್ರಿ?" ಎನ್ನುತ್ತಿದ್ದರು.

"ಆತ್ರಿ. ನಿಮ್ದು?"

"ಆತ್ರಿ."

ಅಷ್ಟೇ. ಆ ಸಣ್ಣ ಶಾಖೆಯಲ್ಲಿ ಅವರೂ ಒಬ್ಬರೇ. ನಾನು ಏನಾದರೂ ಕುಡಿದೆನೇ ಎಂದು ಇಡೀ ದಿನದಲ್ಲಿ ಕೇಳುವ ಮನುಷ್ಯ ಅವರೊಬ್ಬರೇ. ಅದಕ್ಕೇ, ತಾಟಿನಲ್ಲಿ ಹೋಳಿಗೆಯನ್ನು ಕೊನೆಗೆ ಉಳಿಸಿಕೊಳ್ಳುವವರ ಹಾಗೆ, ಹುನಗುಂದವನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದೆ. ಮೆಮರಿ ಹಂಚುವಾಗ ಆ ಕಡೆಗೆ ಒಂದು ತುತ್ತು ಹೆಚ್ಚೇ ಬೀಳುತ್ತಿತ್ತು.

ಮಾಲೀಕರ ಮಗಳ ಮದುವೆಯಲ್ಲಿ ಒಮ್ಮೆ ಇಬ್ಬರೂ ಎದುರುಬದುರಾದೆವು. ತೆಳ್ಳನೆಯ ಆಳು, ಹಣೆ ತುಂಬ ವಿಭೂತಿ. "ಶರಣ್ರಿ" ಅಂದರು, ನಾನೂ ಅಂದೆ. ಪಕ್ಕದಲ್ಲೇ ಕೂತು ಉಂಡೆವು. ಅದರಾಚೆ ಒಂದು ಮಾತೂ ಹೊರಡಲಿಲ್ಲ. ನಡುವೆ ತಂತಿ ಇದ್ದರೇ ನಮ್ಮಂಥವರಿಗೆ ಸಲೀಸು ಎಂದು ಕಾಣುತ್ತದೆ.

ಒಂದು ಸಲ ಮಷೀನಿನ ತಪಾಸಣೆಗೆ ಹುಬ್ಬಳ್ಳಿಯಿಂದ ಇಂಜಿನಿಯರ್ ಬಂದ. ನನ್ನ ಬೆಳಗಿನ ಕೆಲಸ ನೋಡಿ ಮಾಲೀಕರ ಮುಂದೆಯೇ ಕೇಳಿದ: "ಇಷ್ಟು ದಿನಾ ಕೈಲೇ ಚಾಲೂ ಮಾಡ್ತಿದ್ರೇನ್ರಿ? ಒಂದು ಪ್ರೋಗ್ರಾಂ ಇಟ್ರ ಮಷೀನ ಎಲ್ಲಾ ಚಾಲೂ ಮಾಡ್ಕೋತೈತಿ. ಮೆಮರಿ ಯಾರಿಗಿ ಎಷ್ಟು ಬೇಕೋ ತಾನ ಹಂಚತೈತಿ."

ನನಗೆ ಅದು ಗೊತ್ತಿರಲಿಲ್ಲ ಎಂದಲ್ಲ. ಗೊತ್ತಿದ್ದೂ ಯಾಕೆ ಮಾಡಿಸಲಿಲ್ಲ ಎಂದು ಅವರಿಬ್ಬರಿಗೆ ಹೇಗೆ ಹೇಳುವುದು? ಮಾಲೀಕರು, "ಭಾಳ ಛಲೋ ಆತು, ಮಾಡಿಬಿಡ್ರಿ" ಅಂದರು. ಊಟದ ಹೊತ್ತಿಗೆ ಮುಗಿದೇ ಹೋಯಿತು.

ಮರುದಿನ ನಾನು ಬರುವಷ್ಟರಲ್ಲಿ ಮೂರು ಊರೂ ಚಾಲೂ ಆಗಿದ್ದವು. ಪಾಲು ನಾನು ಮಾಡುತ್ತಿದ್ದುದಕ್ಕಿಂತ ಚೆನ್ನಾಗಿತ್ತು. ಸ್ವೆಟರ್ ಹಾಕಿಕೊಂಡು ಕೂತೆ. ಫೋನು ಎತ್ತಿದೆ, ಇಟ್ಟೆ. ಶಾಖೆಯವರು ಆಗಲೇ ಬಿಲ್ಲು ಹಾಕುತ್ತಿರುವುದು ನನ್ನ ಪರದೆಯಲ್ಲೇ ಕಾಣುತ್ತಿರುವಾಗ ಬಂತೇ ಎಂದು ಯಾವ ಬಾಯಿಂದ ಕೇಳಲಿ? ಇನ್ನು ದಿನವೂ ಇಷ್ಟೇ ಎಂದು ಅನ್ನಿಸಿ, ಸುಳ್ಳು ಯಾಕೆ ಹೇಳಲಿ, ಅಳು ಬಂದ ಹಾಗಾಯಿತು.

ಆಗ ಫೋನು ಬಡಿಯಿತು. "ಬಂತ್ರಿ," ಅಂದರು ಸಂಗಪ್ಪನವರು, ನಾನು ಕೇಳದೆಯೇ.

"ಇನ್ನ ಮ್ಯಾಲೆ ಅದು ತಾನ ಬರ್ತೈತ್ರಿ. ನೀವು ಹೇಳೂದೇನೂ ಬ್ಯಾಡ್ರಿ," ಅಂದೆ.

"ಅದು ಬರ್ತೈತಿ ಖರೆ. ನೀವು ಬಂದೀರೋ ಇಲ್ಲೋ, ಅದು ನಂಗ ಹೆಂಗ ಗೊತ್ತಾಗಬೇಕ್ರಿ?" ಎಂದಿನ ಹಾಗೆ ಕೇಳಿದರು, "ಚಾ ಆತೇನ್ರಿ?"

ಅಂದಿನಿಂದ ಫೋನು ಅವರ ಕಡೆಯಿಂದ ಬರತೊಡಗಿತು. ಮಷೀನು ಗುಜರಿಗೆ ಹೋಗುವವರೆಗೂ ತಪ್ಪಲಿಲ್ಲ, ಇಬ್ಬರೂ ಕೆಲಸ ಬಿಟ್ಟ ಮೇಲೂ ಕೆಲಕಾಲ ನಡೆಯಿತು. ಆಮೇಲೆ ಅವರಿಗೆ ಕಿವಿ ಮಂದವಾಯಿತು. ನಾನೊಂದು ಹೇಳಿ, ಅವರೊಂದು ಹೇಳಿ, ಇಬ್ಬರಿಗೂ ಸಂಕೋಚವಾಗಿ, ಅದು ನಿಂತೇಹೋಯಿತು. ಈಗ ನಾನು ಬೆಳಿಗ್ಗೆ ಎದ್ದರೆ ಎದ್ದೆ ಎಂದು ತಿಳಿಯಬೇಕಾದವರು ಯಾರೂ ಇಲ್ಲ. ಮನೆ ತನ್ನ ಪಾಡಿಗೆ ನಡೆಯುತ್ತದೆ; ಅವರ ಫೋನು ಬರುತ್ತಿದ್ದ ಹತ್ತು ಗಂಟೆಯ ಹೊತ್ತಿಗೆ ಮಾತ್ರ ಕೆಲವು ದಿನ ತಡೆಯಲಾಗದಷ್ಟು ಒಂಟಿ ಅನ್ನಿಸುತ್ತದೆ.

ಇವತ್ತು ಸ್ವೆಟರನ್ನು ತೊಡೆಯ ಮೇಲಿಟ್ಟುಕೊಂಡೇ ಹುನಗುಂದಕ್ಕೆ ಫೋನು ಹಚ್ಚಿದೆ. ಎತ್ತಿದ್ದು ಅವರ ಸೊಸೆ.

"ಮಾವಾರಿಗಿ ಈಗ ಪೂರಾ ಕೇಳ್ಸೂದಿಲ್ರಿ. ಏನರ ಇದ್ರ ಹೇಳ್ರಿ, ಪಾಟಿ ಮ್ಯಾಲೆ ಬರದು ತೋರಸ್ತೇನಿ."

"ಬಾಗಲಕೋಟ್ಯಾಂವ ಬಂದಾನ, ಅಂತ ಬರಿ ಯವ್ವಾ," ಅಂದೆ.

ಬಳಪ ಎಳೆಯುವ ಸದ್ದು ಕೇಳಿಸಿತು. ಆಮೇಲೆ ಫೋನಿನಿಂದ ದೂರದಲ್ಲಿ, ಕಿವಿ ಕೇಳದವರ ಆ ದೊಡ್ಡ ದನಿ: "ಚಾ ಆತೇನು ಕೇಳವ್ವಾ."

ಆಗಿರಲಿಲ್ಲ. ಆತು ಅಂತ ಬರಿ ಎಂದು ಹೇಳಿ, ಎದ್ದು ಚಹಕ್ಕೆ ನೀರಿಟ್ಟೆ.