ರಾಣಿಯ ಜೀನು, ಗದಿಗೆವ್ವನ ಸಿಂಬಿ

ಮೋಟೆಬೆನ್ನೂರಿನ ಗದಿಗೆವ್ವನಿಗೆ ಐವತ್ತರ ಹತ್ತಿರದಲ್ಲಿ ಸವತಿ ಬಂದಳು. ನಾಲ್ಕು ಕಾಲಿನ ಸವತಿ. ಹೆಸರು ರಾಣಿ, ಮೈಬಣ್ಣ ಕಂದು, ಹಣೆಯ ಮೇಲೆ ಬಿಳಿ ಬೊಟ್ಟು. ಕುದುರೆಯನ್ನು ಕಂಡು ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರೆಯೇ ಎಂದು ನಗುವವರು ನಗಲಿ. ಗದಿಗೆವ್ವ ಪಟ್ಟಳು, ಹೊಟ್ಟೆ ತುಂಬ ಪಟ್ಟಳು. ಅದರಲ್ಲಿ ಆಕೆಯ ತಪ್ಪೇನೂ ಇರಲಿಲ್ಲ.

ಎರಡು ಸಾವಿರದ ನಾಲ್ಕನೆಯ ಇಸವಿ. ಗಂಡ ಕರಬಸಪ್ಪ ಹಳ್ಳದ ದಂಡೆಯಲ್ಲಿ ಮೊಪೆಡ್ಡಿನಿಂದ ಬಿದ್ದು ಮೊಣಕಾಲು ಕೆಡಿಸಿಕೊಂಡಿದ್ದ. ಮೆಣಸಿನಕಾಯಿ ಹೊಲ ಇದ್ದದ್ದು ಹಳ್ಳದಾಚೆ, ಕಾಲುದಾರಿಯಲ್ಲಿ ಎರಡು ಮೈಲು. ನಡೆಯಲು ಆಗದು, ಗಾಡಿ ಏರಲು ಧೈರ್ಯವಿಲ್ಲ. ಅದೇ ಹೊತ್ತಿಗೆ ಹಾವೇರಿಯಲ್ಲಿ ಮದುವೆ ಮೆರವಣಿಗೆಗೆ ಕುದುರೆ ಬಿಡುತ್ತಿದ್ದವನೊಬ್ಬ, ಮದುಮಕ್ಕಳೆಲ್ಲ ಕಾರು ಹತ್ತತೊಡಗಿದರೆಂದು ರಾಣಿಯನ್ನು ಮಾರಿದ. ಜೊತೆಗೆ ಅದರ ಬೆನ್ನಿಗೆ ಬಿಗಿದು ಕೂರುವ ಜೀನನ್ನೂ ಕೊಟ್ಟ. ಕೆಂಪು ಮಕಮಲ್ಲಿನ ಹೊದಿಕೆ. ಮುಂಭಾಗದಲ್ಲಿ ಮುಷ್ಟಿಗಾತ್ರದ ಹಿತ್ತಾಳೆಯ ಕೊಂಬು. ಹೆದರುಪುಕ್ಕ ಮದುಮಗ ಹಿಡಿದುಕೊಂಡು ಕೂರಲಿ ಎಂದು ಇಟ್ಟದ್ದು.

ಕುದುರೆ ಬಂದ ಮೇಲೆ ಕರಬಸಪ್ಪನ ನಾಲಿಗೆಗೆ ಬೆಲ್ಲ ಹತ್ತಿತು. “ಬಾರವ್ವ ರಾಣಿ, ನೀರ ಕುಡಿಯವ್ವ” ಎಂದು ಅದರ ಕುತ್ತಿಗೆ ತಿಕ್ಕುತ್ತಿದ್ದ. ಹೆಂಡತಿಯನ್ನು ಕರೆಯುವಾಗ ಮಾತ್ರ ಹಳೆಯ ಮಾತೇ: “ಏ, ಎಲ್ಲಿ ಸತ್ತಿ?” ರಾಣಿಗೆ ಹಸಿಹುಲ್ಲು ಬೇಕಲ್ಲ? ಬದುವಿನ ಹುಲ್ಲು ಕೊಯ್ದು ಹೊರೆ ಕಟ್ಟಿ ತರುವವಳು ಗದಿಗೆವ್ವ. ಗಂಡ ಕುದುರೆಯ ಮೇಲೆ, ಕುದುರೆಯ ಮೇವು ಹೆಂಡತಿಯ ತಲೆಯ ಮೇಲೆ. ದಿನಾ ಸಂಜೆ ಈ ಮೆರವಣಿಗೆ ಊರೊಳಗೆ ಬರುವಾಗ ಊರ ಹೆಬ್ಬಾಗಿಲ ಅಗಸಿಯ ಕಟ್ಟೆಯಲ್ಲಿ ಕೂತವರು ರಾಣಿಯನ್ನು ಹೊಗಳುತ್ತಿದ್ದರು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುತ್ತಾರೆ. ಗದಿಗೆವ್ವನ ಹೊಟ್ಟೆಯಲ್ಲಿ ಉರಿಯುತ್ತಿದ್ದದ್ದು ಆ ಜಾತಿಯ ಕಾಯಿಯಲ್ಲ.

ಹೀಗಿರುವಾಗ ಒಂದು ದಿನ ಕರಬಸಪ್ಪ ಮುಖ ಸಣ್ಣದು ಮಾಡಿಕೊಂಡು ಬಂದ.

“ಹಳ್ಳ ಏರಬೇಕಾದ್ರ ಆ ಕೊಂಬು ನನ್ನ ಹೊಟ್ಟಿಗೆ ತಿವೀತೈತಿ. ಅದೇನ ಹೋಗಲಿ, ರಾಣಿಗೆ ಬೆನ್ನ ನೋಯಾಕತ್ತೈತಿ, ಪಾಪ. ಮುಟ್ಟಿದ್ರ ಮೈ ಜಾಡಸ್ತೈತಿ. ಕೊಂಬಿಲ್ಲದ್ದು ಬ್ಯಾರೆ ಜೀನು ನೋಡಬೇಕ.”

ಆ ‘ಪಾಪ’ ಗದಿಗೆವ್ವನಿಗೆ ಚುರುಕ್ ಎಂದಿತು. ತವರೂರು ಅಗಡಿಯಿಂದ ಹದಿನಾರಕ್ಕೆ ಸೊಸೆಯಾಗಿ ಬಂದವಳು. ಬಾವಿಯ ಕೊಡ, ಸಗಣಿ ಬುಟ್ಟಿ, ಕಣಕ್ಕೆ ಮೆಣಸಿನಕಾಯಿ ಚೀಲ, ಹುಲ್ಲಿನ ಹೊರೆ, ಈ ಮನೆಯ ಭಾರವೆಲ್ಲ ಆಕೆಯ ತಲೆ ಹತ್ತಿಯೇ ಒಳಗೆ ಬಂದಿತ್ತು. ನೆತ್ತಿಯ ಮೇಲೆ ಕೂದಲು ಉದುರಿ, ಸಣ್ಣ ಬಿಲ್ಲೆಯಷ್ಟು ಜಾಗ ನುಣ್ಣಗಾಗಿತ್ತು. ಎಣ್ಣೆ ಹಚ್ಚುವಾಗ ಆಕೆಯ ಬೆರಳಿಗಷ್ಟೇ ಅದು ಗೊತ್ತು. ಉಳಿದ ಹೊತ್ತು ಮೇಲೆ ಸೆರಗು. ಮೂವತ್ತು ವರ್ಷದಲ್ಲಿ ಈ ಮನುಷ್ಯ ‘ನೋಯತೈತೇನ?’ ಎಂದು ಒಂದು ಸಲವೂ ಕೇಳಿರಲಿಲ್ಲ. ಆಕೆ ಬಂಗಾರ ಬೇಡಿದವಳಲ್ಲ. ಆ ಒಂದು ಮಾತು ಬೇಕಿತ್ತು. ಅದು ನಾಲ್ಕು ತಿಂಗಳ ಹಿಂದೆ ಬಂದ ಕುದುರೆಗೆ ಸಿಕ್ಕಿತು.

ಜೀನು ನೋಡಲು ರಾಣೆಬೆನ್ನೂರಿಗೆ ಹೊರಟಾಗ ತಾನೂ ಬಸ್ಸು ಹತ್ತಿದಳು. ಸವತಿಗೆ ಯಾವ ಸೀರೆ ತರುತ್ತಾನೋ ನೋಡಿಯೇಬಿಡೋಣ ಎಂಬ ಹಟ.

ಚರ್ಮದ ಕೆಲಸದ ಶಮಶೇರಸಾಬ ಒಂದು ಕಾಲಕ್ಕೆ ಟಾಂಗಾಗಳ ಸಾಮಾನು ಹೊಲಿದು ಹೆಸರು ಮಾಡಿದವನು. ಅಂಗಡಿಯ ಕಟ್ಟಿಗೆ ದಿಮ್ಮಿಯ ಮೇಲೆ ಕೊಂಬಿಲ್ಲದ ಎರಡು ಜೀನು ಹೇರಿ ತೋರಿಸಿದ. ಒಂದು ಗಾದಿಯಂತೆ ಉಬ್ಬಿದ್ದು, ಕೆಳಗೆ ಸಪಾಟು. ಇನ್ನೊಂದು ನೋಡಲು ಬಡಕಲು. ಕೆಳಗೆ ಎರಡು ಬದಿಗೆ ಎರಡು ದಿಂಬು, ನಡುವೆ ಉದ್ದಕ್ಕೂ ಕಾಲುವೆಯಂಥ ಸಂದು. ಕರಬಸಪ್ಪ ಗಾದಿಯ ಮೇಲೆ ಕೂತು ಕಣ್ಣು ಮುಚ್ಚಿದ.

“ಸಿಂಹಾಸನ ಆಗೈತಿ ಸಾಬರ. ಇದನ್ನ ಕಟ್ಟರಿ.”

“ಯಜಮಾನ್ರ, ದಿಮ್ಮಿಗೇನ ಬೆನ್ನ ನೋಯತೈತ್ರಿ?” ಎಂದು ಸಾಬ ನಕ್ಕ. “ಎರಡೂ ಒಯ್ರಿ. ದಿನಾ ಹೋಗೋ ದಾರೀಲೆ ಹಾಕ್ಕೊಂಡ ಹೋಗಿ ನೋಡ್ರಿ. ಬ್ಯಾಡಾದ್ದ ತಂದ ಕೊಡ್ರಿ.”

ಮರುದಿನ ಗಾದಿಯದನ್ನು ಹಾಕಿಕೊಂಡು ಹೋಗಿ ಬಂದ. ಅಂಗಳದಲ್ಲಿ ಜೀನು ಇಳಿಸಿದಾಗ ರಾಣಿಯ ಬೆನ್ನೆಲ್ಲ ಬೆವರಿ ತೊಯ್ದಿತ್ತು. ನಟ್ಟನಡುವೆ, ಬೆನ್ನೆಲುಬಿನ ಮೇಲೆ, ಅಂಗೈ ಅಗಲ ಮಾತ್ರ ಒಣಗಿತ್ತು.

“ನೋಡ, ನಡುವ ಬೆವತೇ ಇಲ್ಲ. ತಂಪ ಐತಿ!” ಎಂದು ಕರಬಸಪ್ಪ ಹಿಗ್ಗಿದ.

ಹುಲ್ಲಿನ ಹೊರೆ ಹೊತ್ತು ನಿಂತಿದ್ದ ಗದಿಗೆವ್ವನಿಗೆ ಅದು ತಂಪಲ್ಲವೆಂದು ನೋಡಿದೊಡನೆ ತಿಳಿಯಿತು. ಭಾರ ಎಲ್ಲಿ ಒತ್ತಿ ಕೂರುತ್ತದೋ ಅಲ್ಲಿ ಬೆವರೂ ಹೊರಗೆ ಬರುವುದಿಲ್ಲ; ಹೊರೆ ಇಳಿಸಿದಾಗ ಆಕೆಯ ನೆತ್ತಿ ದಿನಾ ಹೀಗೆಯೇ ಒಣಗಿರುತ್ತಿತ್ತು. ಹೇಳಬಹುದಿತ್ತು. ಹೇಳಲಿಲ್ಲ. ನೋಯಲಿ ಮುಂಡೇದಕ್ಕೆ, ನನಗೆ ನೋಯಲಿಲ್ಲವೇ ಎಂದುಕೊಂಡು ಒಳಗೆ ಹೋಗಿ ರೊಟ್ಟಿ ಬಡಿದಳು. ಆ ದಿನ ರೊಟ್ಟಿ ಬಡಿದ ಸಪ್ಪಳ ಮೂರು ಮನೆಗೆ ಕೇಳಿಸಿತು.

ಎರಡನೆಯ ಸಂಜೆಯೂ ಅದೇ ಜೀನು. ಕರಬಸಪ್ಪ ಅದನ್ನು ಇಳಿಸಿ ಬೆನ್ನು ಮುಟ್ಟಿದ್ದೇ ತಡ, ರಾಣಿ ನಡು ತಗ್ಗಿಸಿ ಹಿಂದೆ ಸರಿಯಿತು. ಆ ಒಣಗಿದ ಜಾಗದಲ್ಲಿ ಹಳೆಯ ಜೀನು ಒತ್ತಿದಲ್ಲಿ ಬೆಳೆದ ನಾಲ್ಕಾರು ಬಿಳಿ ಕೂದಲು ಗದಿಗೆವ್ವನ ಕಣ್ಣಿಗೆ ಬಿದ್ದವು. ಆಕೆಯ ಕೈ ತಾನಾಗಿ ತನ್ನ ಸೆರಗಿನ ಕಡೆ ಹೋಯಿತು. ಸವತಿಯಾದರೂ ನೋವಿನ ವಿಷಯದಲ್ಲಿ ಸುಳ್ಳು ಹೇಳುವ ಸವತಿಯಲ್ಲ ಇದು.

ಹೊರೆಯನ್ನು ದೊಪ್ಪನೆ ಕೆಡವಿದಳು. ತಲೆಯ ಮೇಲಿನ ಸಿಂಬಿಯನ್ನು, ಹಳೆಯ ಸೀರೆ ಸುತ್ತಿ ಮಾಡಿದ ಆ ಬಟ್ಟೆಯ ಬಳೆಯನ್ನು, ಗಂಡನ ಮುಖದ ಮುಂದೆ ಹಿಡಿದಳು.

“ಇದರ ನಡುವ ತೂತ ಯಾಕ ಐತಿ, ಹೇಳ್ರಿ ನೋಡೋಣ?”

“ಸಿಂಬಿಗೆ ತೂತ ಇರೂದ ಇರತೈತಿ.”

“ನಟ್ಟನಡು ನೆತ್ತಿ ಮ್ಯಾಲ ಭಾರ ಬೀಳಬಾರದಂತ ಐತಿ. ಸುತ್ತ ಬೀಳಬೇಕ. ಆ ಬಡಕಲ ಜೀನದಾಗ ಸಂದ ಬಿಟ್ಟಾರಲ್ಲ, ಅದೂ ಅದಕ್ಕ. ನೀವು ತಂಪ ಅಂತೀರಲ್ಲ, ಅದು ಒತ್ತಿ ಒತ್ತಿ ಸತ್ತ ಜಾಗಾ. ತೂತ ಇದ್ದ ಸಿಂಬೀನ ಜಾರಿ ಜಾರಿ ಇಷ್ಟ ಮಾಡೈತಿ, ಇನ್ನ ತೂತಿಲ್ಲದ್ದು ಏನ ಮಾಡೀತು?”

“ಏನ ಮಾಡೈತಿ? ಯಾರಿಗೆ?”

ಗದಿಗೆವ್ವ ಸೆರಗು ಸರಿಸಿ ತಲೆ ಬಗ್ಗಿಸಿದಳು.

ಕರಬಸಪ್ಪ ನೋಡಿದ. ಬಹಳ ಹೊತ್ತು ನೋಡಿದ. ಕುದುರೆಯ ಬೆನ್ನು ಮುಟ್ಟಿದ್ದ ಕೈಯನ್ನೇ ಎತ್ತಿ ಆಕೆಯ ನೆತ್ತಿಯ ಹತ್ತಿರ ತಂದ, ಮುಟ್ಟಲು ಮಾತ್ರ ಹೆದರಿದ.

“ನೋಯತೈತೇನ?”

ಮೂವತ್ತು ವರ್ಷ ಕೂಡಿಸಿಟ್ಟ ಬೈಗುಳ ಒಂದೂ ನೆನಪಾಗಲಿಲ್ಲ. “ಈಗ ಕೇಳಾಕತ್ತೀರಿ” ಎಂದಳು, ಅಷ್ಟೇ. ಸೆರಗು ಹೊದ್ದು ಒಳಗೆ ನಡೆದಳು.

ಮರುದಿನ ರಾಣಿಯ ಮೇಲೆ ಬಡಕಲು ಜೀನು ಬಂತು. ಸಂಜೆ ಹೊಲದಲ್ಲಿ ಗದಿಗೆವ್ವ ಹೊರೆ ಕಟ್ಟಿ ಸಿಂಬಿ ಸುತ್ತುತ್ತಿದ್ದಳು. ಕುದುರೆ ಹತ್ತಿ ಕೂತಿದ್ದ ಕರಬಸಪ್ಪ ಎರಡೂ ಕೈ ಚಾಚಿದ.

“ಕೊಡ ಇಲ್ಲಿ. ಕೊಂಬಿಲ್ಲ ಈಗ, ಮುಂದ ಜಾಗಾ ಐತಿ.”

ಹಳೆಯ ಜೀನಿನಲ್ಲಿ ಕೊಂಬಿದ್ದ ಜಾಗದಲ್ಲಿ ಹುಲ್ಲಿನ ಹೊರೆ ಅಡ್ಡಲಾಗಿ ಕೂತಿತು. ಗದಿಗೆವ್ವ ಸಿಂಬಿಯನ್ನು ಕೈಯಲ್ಲಿ ಹಿಡಿದು, ಬರಿದಲೆಯಲ್ಲಿ, ಕೈ ಬೀಸುತ್ತ ಪಕ್ಕದಲ್ಲಿ ನಡೆದಳು. ಹಳ್ಳ ಏರುವಾಗ ರಾಣಿ ಕಿವಿ ಹಿಂದಕ್ಕೆ ಮಡಚಿ ಆಕೆಯತ್ತ ಓರೆಗಣ್ಣಲ್ಲಿ ನೋಡಿತು.

“ಹಂಗ ನೋಡಬ್ಯಾಡ” ಎಂದಳು ಗದಿಗೆವ್ವ. “ನಿನ್ನ ಮೇವು ನಾ ಹೊತ್ತದ್ದು ಸಾಕು. ನೋಯತೈತಿ ಅಂದ್ರ ಹೇಳು, ನಾ ಕೇಳ್ತೇನಿ.”